ಗೋಧಿ ನಮ್ಮ ಕಡೆಗೆ ಬಂದದ್ದು ಹೇಗೆ, ಕೆಲವು ಮಕ್ಕಳಿಗೆ ಒಗ್ಗದ್ದು ಏಕೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಮಳೆಗಾಲದಲ್ಲಿ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ದಿಕ್ಕಿಗೆ ಹೊರಟರೂ ಹೊಲದಲ್ಲಿ ಕಾಣುವುದು ರಾಗಿ. ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು. ಗೋಧಿ ಹೊಲ ಎಲ್ಲಿದೆ ತೋರಿಸಿ ಅಂದರೆ ಜನ ನಗುತ್ತಾರೆ. ಆದರೂ ಇವತ್ತು ನಮ್ಮ ಮನೆಗಳಲ್ಲಿ ಬೆಳಗ್ಗೆ ಉಪ್ಪಿಟ್ಟು, ರಾತ್ರಿ ಚಪಾತಿ, ಮಧ್ಯೆ ಟೀ ಜೊತೆ ಬನ್ನು, ಬಿಸ್ಕತ್ತು. ನಾವು ಬೆಳೆಯದ ಕಾಳು ನಮ್ಮ ಮಕ್ಕಳ ತಟ್ಟೆಗೆ ಬಂದ ದಾರಿಯನ್ನು ಈ ಬಾರಿ ಹುಡುಕಿಕೊಂಡು ಹೊರಟಿದ್ದೇವೆ. ಅದಕ್ಕೆ ಕಾರಣ ಒಂದು ಕಾಯಿಲೆ. ಅದರ ಹೆಸರು ಸೀಲಿಯಾಕ್.

ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಇದೆ. ಚಪಾತಿ ಹಿಟ್ಟು ಎಳೆದರೆ ಹರಿಯದೆ ಜಗ್ಗುತ್ತದಲ್ಲ, ಅದು ಇದರಿಂದಲೇ. ಸೀಲಿಯಾಕ್ ಇರುವ ಮಗುವಿಗೆ ಗ್ಲುಟೆನ್ ಹೊಟ್ಟೆಗೆ ಹೋದಾಗ, ಮೈಯ ರಕ್ಷಣಾ ವ್ಯವಸ್ಥೆಯೇ ತನ್ನ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನ ಒಳಮೈಯಲ್ಲಿ ಹೊಸ ಟವೆಲ್ಲಿನ ಎಳೆಗಳಂತೆ ಸಣ್ಣ ಸಣ್ಣ ಕುಚ್ಚುಗಳಿರುತ್ತವೆ. ಊಟದ ಸಾರ ಹೀರುವುದು ಅವೇ. ಅವು ಸವೆದು ಬೋಳಾದರೆ ಮಗು ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಇದು ಅಂಟುರೋಗವಲ್ಲ, ಕೆಲವು ಜೀನ್ ಇದ್ದವರಿಗೆ ಮಾತ್ರ ಬರುವಂಥದ್ದು.

ಹಿಂದಕ್ಕೆ ಹೋಗೋಣ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರ್ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಚನ್ನಪಟ್ಟಣಕ್ಕೂ ಬಂದ, ಮಾಗಡಿಗೂ ಬಂದ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ರಾಗಿಗೆ ಸಿಕ್ಕಿರುವ ಜಾಗ ದೊಡ್ಡದು. ಬಿತ್ತನೆ, ಕುಂಟೆ, ಒಕ್ಕಣೆ ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಂಡಿದ್ದಾನೆ. ದುಡಿಯುವ ಜನರ ಊಟವೇ ರಾಗಿಯಾಗಿದ್ದ ಕಾಲ ಅದು. ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಹುಳ ಬೀಳದ ಕಾಳು ಬೇರೆ. ಗೋಧಿ ಏನಿದ್ದರೂ ಹಬ್ಬಕ್ಕೆ, ಮದುವೆಗೆ. ಒಬ್ಬಟ್ಟಿನ ಕಣಕ, ಚಿರೋಟಿ, ಪಾಯಸ, ಅಷ್ಟೇ. ವರ್ಷಕ್ಕೆ ನಾಲ್ಕಾರು ದಿನ ಗೋಧಿ ತಿನ್ನುವ ಊರಿನಲ್ಲಿ ಗೋಧಿಯಿಂದ ಬರುವ ಕಾಯಿಲೆ ಕಣ್ಣಿಗೆ ಬೀಳುವುದಾದರೂ ಹೇಗೆ?

ಗೋಧಿ ರೊಟ್ಟಿಯೇ ಊಟವಾಗಿದ್ದ ಯುರೋಪಿನಲ್ಲಿ ಅದು ಬಿತ್ತು. 1888ರಲ್ಲಿ ಲಂಡನ್ನಿನ ಡಾಕ್ಟರ್ ಸ್ಯಾಮ್ಯುಯೆಲ್ ಗೀ, ಹೊಟ್ಟೆ ಉಬ್ಬಿ ಕೈಕಾಲು ಕಡ್ಡಿಯಾಗುವ ಈ ಮಕ್ಕಳ ಬಗ್ಗೆ ಬರೆದರು. ವಾಸಿಯಾಗುವುದಾದರೆ ಅದು ಊಟದಿಂದಲೇ ಎಂಬುದು ಅವರ ಎಣಿಕೆ. ಆದರೆ ಯಾವ ಊಟ? ಯಾರಿಗೂ ಗೊತ್ತಿರಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ಮಾಡಿಸಿದರು. ಮಕ್ಕಳು ಚೇತರಿಸಿಕೊಂಡವು. ಬಾಳೆಹಣ್ಣಿನಲ್ಲೇ ಔಷಧ ಇದೆ ಎಂದು ಬಹಳ ಕಾಲ ನಂಬಿದ್ದರು. ನಿಜ ಸಂಗತಿ ಎಂದರೆ, ಆ ಪಥ್ಯದಲ್ಲಿ ಬ್ರೆಡ್ಡು ತಪ್ಪಿತ್ತು.

ಇದನ್ನು ಬಿಡಿಸಿ ತೋರಿಸಿದವರು ಹಾಲೆಂಡಿನ ಮಕ್ಕಳ ಡಾಕ್ಟರ್ ವಿಲ್ಲೆಮ್ ಡಿಕೆ. ಯುದ್ಧಕ್ಕೆ ಮುಂಚೆಯೇ ಅವರಿಗೆ ಗೋಧಿಯ ಮೇಲೆ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ ಜರ್ಮನ್ ಸೈನ್ಯ ದಾರಿ ಕಟ್ಟಿತು. ಊಟವಿಲ್ಲದೆ ಸುಮಾರು 20,000 ಜನ ಸತ್ತರು. ಉಳಿದವರು ಟ್ಯುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರು. ಊರಿಗೆ ಊರೇ ಸೊರಗುತ್ತಿದ್ದಾಗ ಸೀಲಿಯಾಕ್ ಮಕ್ಕಳ ಹೊಟ್ಟೆ ಮಾತ್ರ ಸರಿಯಾಗುತ್ತಾ ಬಂತು. ವಿಮಾನದಿಂದ ಬ್ರೆಡ್ಡು ಬಿದ್ದಾಗ ಅದೇ ಮಕ್ಕಳು ಮತ್ತೆ ಮಲಗಿದವು. ಬರಗಾಲವೇ ಪರೀಕ್ಷೆಯಾದ ಇಂಥ ಇನ್ನೊಂದು ಕಥೆ ನಾವು ಓದಿಲ್ಲ. ಡಿಕೆ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮಕ್ಕಳಿಗೆ ಒಂದೊಂದೇ ಧಾನ್ಯ ಕೊಟ್ಟು, ತೂಕ ಅಳೆದು, ಮಲ ಪರೀಕ್ಷೆ ಮಾಡಿ, 1950ರಲ್ಲಿ ತಮ್ಮ ಪ್ರಬಂಧ ಒಪ್ಪಿಸಿದರು.

ಅದೇ ದಶಕದಲ್ಲಿ ಗೋಧಿ ನಮ್ಮ ಕಡೆಗೆ ಹೊರಟಿತು. 1954ರಲ್ಲಿ ಅಮೆರಿಕ ಪಿಎಲ್-480 ಕಾನೂನು ಮಾಡಿ, ತನ್ನಲ್ಲಿ ಮಿಕ್ಕ ಧಾನ್ಯವನ್ನು ಬೇರೆ ದೇಶಗಳಿಗೆ ಕೊಡಲು ಶುರುಮಾಡಿತು. 1965, 66ರಲ್ಲಿ ಮಳೆ ಕೈಕೊಟ್ಟಾಗ ಹಡಗು ಹಡಗು ಗೋಧಿ ಭಾರತಕ್ಕೆ ಬಂತು. ನಮ್ಮ ಶಾಲೆಗಳಿಗೆ ಅದು ಕೇರ್ ಸಂಸ್ಥೆಯ ಮೂಲಕ ಬಂದದ್ದು. ಅರವತ್ತು ದಾಟಿದವರನ್ನು ಕೇಳಿ ನೋಡಿ, ಶಾಲೆಯ ಗೋಧಿ ಉಪ್ಪಿಟ್ಟಿನ ವಾಸನೆ, ಹಾಲಿನಪುಡಿಯ ರುಚಿ ಇನ್ನೂ ನೆನಪಿದೆ ಎನ್ನುತ್ತಾರೆ. ಹಸಿದ ಮಕ್ಕಳನ್ನು ಶಾಲೆಗೆ ಕರೆತಂದ ಉಪ್ಪಿಟ್ಟು ಅದು. ಅದನ್ನು ಹಳಿಯುವ ಮನಸ್ಸು ನಮಗಿಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ಕೂಡ ಆ ದಶಕದಲ್ಲಿ ಬಾಲ್ ಆಹಾರ್ ಎಂಬ ಪೌಷ್ಟಿಕ ಪುಡಿ ತಯಾರಿಸಿತು. ಅದರಲ್ಲಿದ್ದದ್ದು ಗೋಧಿ ಮತ್ತು ಕಡಲೆಕಾಯಿ ಹಿಂಡಿಯ ಹಿಟ್ಟು. ಆಮೇಲೆ ಹಸಿರು ಕ್ರಾಂತಿಯ ಗೋಧಿ, ಪಡಿತರದ ಗೋಧಿ, ಬಸ್ ಸ್ಟ್ಯಾಂಡಿಗೊಂದು ಅಯ್ಯಂಗಾರ್ ಬೇಕರಿ, ಸಕ್ಕರೆ ಕಾಯಿಲೆಯವರಿಗೆ ಚಪಾತಿಯೇ ಒಳ್ಳೆಯದೆಂಬ ಮಾತು. ಹಬ್ಬದ ಗೋಧಿ ದಿನದ ಗೋಧಿಯಾಯಿತು.

1966ರಲ್ಲೇ ಉತ್ತರ ಭಾರತದ ಸೀಲಿಯಾಕ್ ಮಕ್ಕಳ ಬಗ್ಗೆ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ನಮ್ಮ ದೇಶದ ಡಾಕ್ಟರುಗಳ ಲೇಖನ ಬಂತು. ಪಂಜಾಬು, ಹರಿಯಾಣದ ಕಡೆ ಇದನ್ನು ಬೇಸಿಗೆಯ ಭೇದಿ ಎಂದುಕೊಂಡು ಕಳೆದ ವರ್ಷಗಳು ಎಷ್ಟೋ.

ಇತ್ತ ರಾಗಿಯೂ ಸುಮ್ಮನೆ ಕೂತಿರಲಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಇಳುವರಿ ಏರಿತು, ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಇನ್ನೊಂದು ಕೆಲಸ ಸಿಎಫ್‌ಟಿಆರ್‌ಐಯಲ್ಲೇ ಆಯಿತು. ಅಲ್ಲಿನ ಮಲ್ಲೇಶಿ ಮತ್ತು ದೇಸಿಕಾಚಾರ್ 1980ರ ದಶಕದಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಹಸುಗೂಸುಗಳ ಆಹಾರ ತಯಾರಿಸಿದರು. ನಮ್ಮ ಅಜ್ಜಿಯರು ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಸರಿ ಹಿಟ್ಟು ಮಾಡುತ್ತಿದ್ದರಲ್ಲ, ಅದರ ಗುಟ್ಟು ಅವರ ಲೆಕ್ಕದಲ್ಲಿ ಸಿಗುತ್ತದೆ. ಮೊಳಕೆಯೊಡೆದಾಗ ಹುಟ್ಟುವ ಕಿಣ್ವ ಗಂಜಿಯ ಮಂದವನ್ನು ಒಡೆಯುತ್ತದೆ. ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ, ಮಗುವಿನ ಪುಟ್ಟ ಹೊಟ್ಟೆಗೆ ಒಂದೇ ಬಟ್ಟಲಿನಲ್ಲಿ ಹೆಚ್ಚು ಕಸುವು ಸೇರುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಗ್ಲುಟೆನ್ ಇಲ್ಲವೇ ಇಲ್ಲ. ಅಕ್ಕಿ, ಜೋಳ, ಸಜ್ಜೆ, ನವಣೆ, ಸಾಮೆಗಳಲ್ಲೂ ಇಲ್ಲ.

ಹಾಗಾದರೆ ನಮ್ಮ ಕಡೆ ಈ ಕಾಯಿಲೆ ಇಲ್ಲವೇ? 2016ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಉತ್ತರ ಭಾರತ, ಈಶಾನ್ಯ, ಮತ್ತು ದಕ್ಷಿಣದಲ್ಲಿ ತಮಿಳುನಾಡಿನ ವೆಲ್ಲೂರು ಸೇರಿ 23,000ಕ್ಕೂ ಹೆಚ್ಚು ದೊಡ್ಡವರ ರಕ್ತ ನೋಡಿದರು. ಸೀಲಿಯಾಕ್ ಗುರುತು ಉತ್ತರದಲ್ಲಿ 100ಕ್ಕೆ 1.23 ಜನರಲ್ಲಿ, ದಕ್ಷಿಣದಲ್ಲಿ 0.10 ಜನರಲ್ಲಿ ಸಿಕ್ಕಿತು. ಇಲ್ಲಿಗೆ ಓದು ನಿಲ್ಲಿಸಿದರೆ ನಮಗೆ ನಿರಾಳ. ಮುಂದಿನ ಸಾಲು ಬೇರೆಯೇ ಇದೆ. ಈ ಕಾಯಿಲೆಗೆ ಬೇಕಾದ ಜೀನ್ ಉತ್ತರದಲ್ಲಿ 38.1%, ದಕ್ಷಿಣದಲ್ಲಿ 36.4%. ಹೆಚ್ಚೂಕಡಿಮೆ ಒಂದೇ. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ, ದಕ್ಷಿಣದವರು 25 ಗ್ರಾಂ. ಜೀನ್ ಇದ್ದವರಲ್ಲಿ ಕಾಯಿಲೆ ಬರುವುದು ಕೆಲವರಿಗೆ ಮಾತ್ರ, ಗೋಧಿಯ ಪ್ರಮಾಣವೊಂದೇ ಕಾರಣ ಎಂದು ಇದರಿಂದ ತೀರ್ಮಾನಿಸಲೂ ಆಗದು. ಆದರೆ ನಮ್ಮ 25 ಗ್ರಾಂ ಅಲ್ಲೇ ನಿಂತಿದೆ ಎಂದು ಬೇಕರಿ ಮುಂದೆ ನಿಂತವರು ಯಾರೂ ಹೇಳಲಾರರು.

ಅಪರೂಪ ಅನ್ನುವುದೇ ಇಲ್ಲಿ ತೊಂದರೆ. ನಮ್ಮೂರಲ್ಲಿ ಮಗು ಬೆಳೆಯದಿದ್ದರೆ ದೃಷ್ಟಿ ಅನ್ನುತ್ತೇವೆ, ಬಾಲಗ್ರಹ ಅನ್ನುತ್ತೇವೆ, ಜಂತುಹುಳು ಅನ್ನುತ್ತೇವೆ. ಅಪ್ಪ ಕುಳ್ಳ, ಮಗನೂ ಕುಳ್ಳ ಅಂತ ಬಿಡುವುದೂ ಉಂಟು. ಹೆಚ್ಚಿನ ಮಕ್ಕಳಲ್ಲಿ ಕಾರಣ ಬೇರೆಯೇ ಇರುತ್ತದೆ, ನಿಜ. ಆದರೆ ಅಂಗನವಾಡಿಯ ಬೆಳವಣಿಗೆ ಪಟ್ಟಿಯಲ್ಲಿ ಗೆರೆ ಚೆನ್ನಾಗಿ ಏರುತ್ತಿದ್ದು, ಗೋಧಿ ತಿನ್ನಲು ಶುರುವಾದ ಮೇಲೆ ಮಲಗಿಬಿಟ್ಟರೆ, ಭೇದಿ ವಾರಗಟ್ಟಲೆ ನಿಲ್ಲದಿದ್ದರೆ, ಕಬ್ಬಿಣದ ಟಾನಿಕ್ ಎಷ್ಟು ಕುಡಿಸಿದರೂ ರಕ್ತ ಏರದಿದ್ದರೆ, ಮಕ್ಕಳ ಡಾಕ್ಟರ ಹತ್ತಿರ ಈ ಕಾಯಿಲೆಯ ಹೆಸರು ಎತ್ತಿ ಕೇಳಿ. ಭೇದಿಯೇ ಇಲ್ಲದೆ ಎತ್ತರ ಮಾತ್ರ ನಿಲ್ಲುವುದು, ಹುಡುಗಿ ಮೈನೆರೆಯುವುದು ತಡವಾಗುವುದೂ ಇದೆ. ಮೊದಲು ಟಿಟಿಜಿ ಎಂಬ ರಕ್ತ ಪರೀಕ್ಷೆ, ಬೇಕಾದರೆ ಎಂಡೋಸ್ಕೋಪಿ. ಪರೀಕ್ಷೆ ಮುಗಿಯುವ ತನಕ ಗೋಧಿ ಬಿಡಿಸಬೇಡಿ. ಬಿಡಿಸಿದರೆ ಕರುಳು ಚೇತರಿಸಿಕೊಂಡು ಕಾಯಿಲೆ ಪರೀಕ್ಷೆಗೆ ಸಿಗದೆ ಹೋಗಬಹುದು.

ಖಚಿತವಾದರೆ ಜೀವನಪೂರ್ತಿ ಗೋಧಿ ಬಂದ್. ಮಾತ್ರೆ ಇಲ್ಲ, ಊಟವೇ ಔಷಧ. ಬೇಗ ಪತ್ತೆಯಾದ ಮಕ್ಕಳು ತೂಕ ಮೊದಲು, ಎತ್ತರ ಆಮೇಲೆ, ಹೀಗೆ ಕಳೆದುಕೊಂಡದ್ದನ್ನು ಬಹುಪಾಲು ತುಂಬಿಕೊಳ್ಳುತ್ತಾರೆ. ತಡವಾದಷ್ಟೂ ಎತ್ತರ ಕೈತಪ್ಪುತ್ತದೆ. ಮುದ್ದೆ, ಅನ್ನ, ಬಸ್ಸಾರು, ಮೊಟ್ಟೆ, ಹಾಲು ಇರುವ ನಮ್ಮ ಅಡುಗೆಮನೆಗೆ ಇದು ಕಷ್ಟವಲ್ಲ. ಶುರುವಿನಲ್ಲಿ ಕೆಲವು ಮಕ್ಕಳಿಗೆ ಹಾಲು ಒಗ್ಗುವುದಿಲ್ಲ, ಕರುಳು ಸರಿಯಾದ ಮೇಲೆ ಒಗ್ಗುತ್ತದೆ.

ಕಷ್ಟ ಇರುವುದು ಹಿಟ್ಟಿನ ಮಿಲ್ಲಿನಲ್ಲಿ. ನಮ್ಮ ಮುಂದೆ ನಿಂತವರ ಗೋಧಿ ಬೀಸಿದ ಕಲ್ಲಿನಲ್ಲೇ ನಮ್ಮ ರಾಗಿಯೂ ಬೀಳುತ್ತದೆ. ಗ್ಲುಟೆನ್ ಇಲ್ಲ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎನ್ನುವುದು ದೇಶದ ನಿಯಮ. ಮಿಲ್ಲಿನ ಕಲ್ಲಿಗೆ ಅಂಟಿದ ಗೋಧಿ ಹಿಟ್ಟಿಗೆ ಆ ಮಿತಿ ದಾಟುವುದು ದೊಡ್ಡದಲ್ಲ. ಆ ಮಗುವಿನ ರಾಗಿಗೆ ಬೀಸುಕಲ್ಲೋ, ಮನೆಯದೇ ಸಣ್ಣ ಯಂತ್ರವೋ ಬೇಕು. ಅಂಗಡಿಯ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆತಿರುವುದು ಸಾಮಾನ್ಯ. ಡಬ್ಬಿಯ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ, ಗೋಧಿ ಇರುತ್ತದೆ. ಫೆಬ್ರವರಿ 2024ರಿಂದ ಸರ್ಕಾರಿ ಶಾಲೆಗಳಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿದ್ದಾರೆ. ನಿಮ್ಮ ಮನೆಯ ಮಗುವಿಗೆ ಈ ಕಾಯಿಲೆ ಇದ್ದರೆ, ಆ ಪೊಟ್ಟಣದ ಹಿಂದೆ ಏನೇನು ಬರೆದಿದೆ ತೋರಿಸಿ ಎಂದು ಮೇಷ್ಟ್ರನ್ನು ಕೇಳಲು ಸಂಕೋಚ ಬೇಡ.