ಸಾಂತಾಕ್ಲಾಸ್ ಕೋಲಾ ಕಂಪನಿಯ ಸೃಷ್ಟಿಯೇ? ಸಂತ ನಿಕೋಲಸರ ಕಥೆಯಲ್ಲಿ ನಿಜವೆಷ್ಟು?

ಡಿಸೆಂಬರ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಸಾಂತಾಕ್ಲಾಸ್ ಕುರಿತು ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ‘ಸಾಂತಾ ಎಂಬುವನು ಇರಲೇ ಇಲ್ಲ, ಕೋಕಾ-ಕೋಲಾ ಕಂಪನಿ ಜಾಹೀರಾತಿಗಾಗಿ ಹುಟ್ಟುಹಾಕಿದ ಬೊಂಬೆ ಅದು’ ಎನ್ನುತ್ತದೆ ಒಂದು. ‘ಸಾಂತಾ ನಿಜವಾಗಿ ಬದುಕಿದ್ದ ಸಂತ, ಅವರ ಪವಾಡಗಳೆಲ್ಲ ಇತಿಹಾಸದಲ್ಲಿ ದಾಖಲಾಗಿವೆ’ ಎನ್ನುತ್ತದೆ ಇನ್ನೊಂದು. ಎರಡರಲ್ಲೂ ಇರುವುದು ಅರ್ಧ ಸತ್ಯ ಮಾತ್ರ. ಪೂರ್ತಿ ಸಂಗತಿ ಏನೆಂದು ಒಂದೊಂದಾಗಿ ನೋಡೋಣ.

ಸಂತ ನಿಕೋಲಸ್ ಯಾರು?

ಇಂದಿನ ಟರ್ಕಿ ದೇಶದ ದಕ್ಷಿಣ ಕರಾವಳಿಯಲ್ಲಿ ದೆಮ್ರೆ ಎಂಬ ಊರಿದೆ. ರೋಮನ್ ಸಾಮ್ರಾಜ್ಯದ ಕಾಲದಲ್ಲಿ ಅದರ ಹೆಸರು ಮೈರಾ. 4ನೇ ಶತಮಾನದಲ್ಲಿ ನಿಕೋಲಸರು ಆ ಊರಿನ ಬಿಷಪ್, ಅಂದರೆ ಅಲ್ಲಿನ ಕ್ರೈಸ್ತ ಸಮುದಾಯದ ಹಿರಿಯ ಧರ್ಮಗುರು ಆಗಿದ್ದರು. ಹತ್ತಿರದ ಪಟಾರಾ ಎಂಬ ಬಂದರಿನಲ್ಲಿ ಹುಟ್ಟಿದರು, 343ರ ಸುಮಾರಿಗೆ ಡಿಸೆಂಬರ್ 6ರಂದು ತೀರಿಕೊಂಡರು ಎಂದು ಸಂಪ್ರದಾಯ ಹೇಳುತ್ತದೆ. ಹಾಗಾಗಿಯೇ ಅವರ ಹಬ್ಬ ಕ್ರಿಸ್‌ಮಸ್ ದಿನವಲ್ಲ, ಡಿಸೆಂಬರ್ 6ರಂದು ನಡೆಯುತ್ತದೆ.

ಅವರು ಬರೆದದ್ದು ಯಾವುದೂ ಉಳಿದಿಲ್ಲ. ಅವರನ್ನು ಕಂಡವರು ಬರೆದ ಜೀವನಚರಿತ್ರೆಯೂ ಇಲ್ಲ. ಪೂರ್ಣ ಪ್ರಮಾಣದ ಮೊದಲ ಜೀವನಚರಿತ್ರೆ ಬಂದದ್ದು 9ನೇ ಶತಮಾನದಲ್ಲಿ, ಅಂದರೆ ಸುಮಾರು 500 ವರ್ಷಗಳ ನಂತರ. ಈ ನಡುವೆ ಮೈರಾದ ಸುತ್ತಮುತ್ತಲೇ, 6ನೇ ಶತಮಾನದಲ್ಲಿ, ನಿಕೋಲಸ್ ಎಂಬ ಹೆಸರಿನ ಇನ್ನೊಬ್ಬ ಸಂತರಿದ್ದರು. ಅವರ ಕೆಲವು ಕಥೆಗಳೂ ಇವರ ಕಥೆಯೊಳಗೆ ಬೆರೆತುಹೋದವು. ಒಬ್ಬರ ಫೋಟೋಗೆ ಇನ್ನೊಬ್ಬರ ಮಾತು ಅಂಟಿಕೊಂಡು ಬರುವ ಫಾರ್ವರ್ಡ್‌ಗಳಂತೆಯೇ ಇದು.

ಹಾಗಿದ್ದರೆ ಅವರು ಇದ್ದರೆಂದು ಹೇಗೆ ನಂಬುವುದು? 6ನೇ ಶತಮಾನದ ಹೊತ್ತಿಗಾಗಲೇ ಚಕ್ರವರ್ತಿ ಜಸ್ಟಿನಿಯನ್, ಇಂದಿನ ಇಸ್ತಾಂಬುಲ್ ಆಗಿರುವ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಿಕೋಲಸರ ಹೆಸರಿನ ಚರ್ಚ್ ಕಟ್ಟಿಸಿದ್ದ. ದೂರದ ಊರಿನ ಬಿಷಪ್ ಒಬ್ಬರಿಗೆ ರಾಜಧಾನಿಯಲ್ಲಿ ಅಷ್ಟು ಬೇಗ ಗೌರವ ಸಿಕ್ಕಿರುವುದರಿಂದ, ಕಥೆಯ ಹಿಂದೆ ನಿಜವಾದ ವ್ಯಕ್ತಿ ಇದ್ದರು ಎಂದು ಹೆಚ್ಚಿನ ಇತಿಹಾಸಕಾರರು ಒಪ್ಪುತ್ತಾರೆ.

ಮೂರು ಹೆಣ್ಣುಮಕ್ಕಳ ಕಥೆ

ನಿಕೋಲಸರಿಗೆ ‘ದಾನಿ’ ಎಂಬ ಹೆಸರು ತಂದದ್ದು ಈ ಕಥೆ. ಒಬ್ಬ ತಂದೆ ಎಲ್ಲವನ್ನೂ ಕಳೆದುಕೊಂಡು ಬಡವನಾಗಿರುತ್ತಾನೆ. ಮೂವರು ಹೆಣ್ಣುಮಕ್ಕಳಿಗೆ ವರದಕ್ಷಿಣೆ ಕೊಡಲು ಕಾಸಿಲ್ಲ. ಅವರನ್ನು ವೇಶ್ಯಾವೃತ್ತಿಗೆ ದೂಡುವ ಸ್ಥಿತಿಗೆ ಬರುತ್ತಾನೆ. ವಿಷಯ ತಿಳಿದ ನಿಕೋಲಸರು ರಾತ್ರಿ ಹೊತ್ತು ಬಂದು, ಕಿಟಕಿಯಿಂದ ಚಿನ್ನದ ಗಂಟನ್ನು ಒಳಗೆ ಎಸೆದು ಹೋಗುತ್ತಾರೆ. ಹೀಗೆ ಮೂರು ಸಲ, ಒಬ್ಬೊಬ್ಬ ಮಗಳಿಗೆ ಒಂದೊಂದು ಗಂಟು. ಮೂರನೇ ಸಲ ತಂದೆ ಓಡಿಬಂದು ಕಾಲಿಗೆ ಬಿದ್ದಾಗ, ಇದನ್ನು ಯಾರಿಗೂ ಹೇಳಬೇಡ ಎಂದು ಕೇಳಿಕೊಳ್ಳುತ್ತಾರೆ.

ಮಕ್ಕಳಿಗೆ ಹೇಳುವಾಗ ಈ ಕಥೆಯ ಕಹಿ ಭಾಗವನ್ನು ಬಿಟ್ಟುಬಿಡುತ್ತಾರೆ. ಆದರೆ ಕಥೆಯ ತಿರುಳು ಇರುವುದೇ ಅಲ್ಲಿ. ಆ ಚಿನ್ನ ಹಬ್ಬದ ಉಡುಗೊರೆಯಲ್ಲ, ಮೂರು ಜೀವಗಳನ್ನು ಉಳಿಸಿದ ನೆರವು. ಇದು ಹೀಗೆಯೇ ನಡೆಯಿತೆಂದು ಸಾಬೀತು ಮಾಡಲಾಗದು. ಜನ ಅವರನ್ನು ಯಾವ ಗುಣಕ್ಕಾಗಿ ನೆನಪಿಟ್ಟುಕೊಂಡರು ಎಂಬುದಂತೂ ಇದರಿಂದ ಸ್ಪಷ್ಟ.

ಮೂಳೆಗಳು ಇಟಲಿಗೆ ಹೋದದ್ದು ಹೇಗೆ?

1087ರಲ್ಲಿ ಇಟಲಿಯ ಬಾರಿ ಎಂಬ ಬಂದರಿನ ನಾವಿಕರು ಮೈರಾದ ಸಮಾಧಿಯಿಂದ ಮೂಳೆಗಳನ್ನು ತೆಗೆದು ತಮ್ಮ ಊರಿಗೆ ಒಯ್ದರು. ಉಳಿದ ಚೂರುಗಳನ್ನು ಕೆಲವೇ ವರ್ಷಗಳಲ್ಲಿ ವೆನಿಸ್‌ನವರು ಕೊಂಡೊಯ್ದರು. ಬಾರಿಯ ಸಂತ ನಿಕೋಲಸ್ ಚರ್ಚ್ ಇಂದಿಗೂ ದೊಡ್ಡ ಯಾತ್ರಾಸ್ಥಳ. ಕ್ಯಾಥೊಲಿಕರೂ, ರಷ್ಯಾ ಮೊದಲಾದ ದೇಶಗಳ ಆರ್ಥಡಾಕ್ಸ್ ಕ್ರೈಸ್ತರೂ ಅಲ್ಲಿಗೆ ಬರುತ್ತಾರೆ. ನಾವಿಕರಿಗೂ ಮಕ್ಕಳಿಗೂ ಅವರು ಕಾಯುವ ಸಂತ.

2017ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಜ್ಞರು, ನಿಕೋಲಸರದೆಂದು ಹೇಳಲಾಗುವ ಒಂದು ಮೂಳೆ ಚೂರಿನ ಕಾಲವನ್ನು ರೇಡಿಯೋಕಾರ್ಬನ್ ವಿಧಾನದಿಂದ ಪರೀಕ್ಷಿಸಿದರು. ಅದು 4ನೇ ಶತಮಾನದ್ದು ಎಂದು ಗೊತ್ತಾಯಿತು. ‘ವಿಜ್ಞಾನಿಗಳಿಂದ ಸಾಬೀತು’ ಎಂಬ ಸಂದೇಶ ಬಂದರೆ ಗಮನಿಸಿ: ಈ ಪರೀಕ್ಷೆ ಮೂಳೆಯ ಕಾಲವನ್ನಷ್ಟೇ ಹೇಳುತ್ತದೆ, ಅದು ಯಾರದ್ದೆಂದು ಹೇಳುವುದಿಲ್ಲ.

ಕೆಂಪು ಬಟ್ಟೆ ಕೊಟ್ಟವರು ಯಾರು?

ನೆದರ್ಲ್ಯಾಂಡ್ಸ್‌ನಲ್ಲಿ ನಿಕೋಲಸರನ್ನು ‘ಸಿಂಟರ್‌ಕ್ಲಾಸ್’ ಎನ್ನುತ್ತಾರೆ. ಬಿಷಪ್‌ರ ಉಡುಪಿನಲ್ಲಿ ಬಂದು ಮಕ್ಕಳಿಗೆ ಉಡುಗೊರೆ ಕೊಡುವವರು ಅವರು. ಅಮೆರಿಕದಲ್ಲಿ ಆ ಹೆಸರೇ ‘ಸಾಂತಾಕ್ಲಾಸ್’ ಆಯಿತು. 1823ರಲ್ಲಿ ನ್ಯೂಯಾರ್ಕ್ ರಾಜ್ಯದ ಪತ್ರಿಕೆಯೊಂದರಲ್ಲಿ ಬಂದ ಪದ್ಯ, ಎಂಟು ಹಿಮಸಾರಂಗಗಳು ಎಳೆಯುವ ಗಾಡಿಯನ್ನೂ ಚಿಮಣಿಯಿಂದ ಇಳಿಯುವ ಡೊಳ್ಳುಹೊಟ್ಟೆಯವನನ್ನೂ ಜನಪ್ರಿಯಗೊಳಿಸಿತು. 1863ರಿಂದ ಥಾಮಸ್ ನ್ಯಾಸ್ಟ್ ಎಂಬ ವ್ಯಂಗ್ಯಚಿತ್ರಕಾರ ಬಿಡಿಸಿದ ಚಿತ್ರಗಳು ಆ ರೂಪವನ್ನು ಮನೆಮನೆಗೆ ಮುಟ್ಟಿಸಿದವು. ಕೋಕಾ-ಕೋಲಾ ಕಂಪನಿಗಾಗಿ ಹ್ಯಾಡನ್ ಸಂಡ್‌ಬ್ಲಾಮ್ ಎಂಬ ಕಲಾವಿದ ಸಾಂತಾನ ಚಿತ್ರ ಬಿಡಿಸತೊಡಗಿದ್ದು 1931ರಲ್ಲಿ. ಕೆಂಪು ಬಟ್ಟೆಯ ಸಾಂತಾ ಅದಕ್ಕೂ ಮೊದಲೇ ಇದ್ದ. ಕಂಪನಿ ಆ ರೂಪವನ್ನು ಜಗತ್ತಿಗೆಲ್ಲ ಹರಡಿತು, ಹುಟ್ಟಿಸಲಿಲ್ಲ.

ವ್ಯಾಟಿಕನ್ ಪಟ್ಟಿಯಿಂದ ಕೈಬಿಟ್ಟಿತೇ?

ಇಲ್ಲ. 1969ರಲ್ಲಿ ಕ್ಯಾಥೊಲಿಕ್ ಚರ್ಚ್ ಹಬ್ಬಗಳ ಪಟ್ಟಿಯನ್ನು ಪರಿಷ್ಕರಿಸಿದಾಗ ಡಿಸೆಂಬರ್ 6ರ ಆಚರಣೆಯನ್ನು ಐಚ್ಛಿಕವಾಗಿಸಿತು. ನಿಕೋಲಸರ ಸಂತ ಪದವಿ ಹಾಗೆಯೇ ಇದೆ.

ಒಟ್ಟಿನಲ್ಲಿ ಹೇಳುವುದಾದರೆ

ಮೈರಾದ ಬಿಷಪ್ ನಿಕೋಲಸ್ ಬದುಕಿದ್ದ ವ್ಯಕ್ತಿ. ಅವರ ಪವಾಡಗಳು ಭಕ್ತರ ನಂಬಿಕೆಗೆ ಸೇರಿದವು, ಇತಿಹಾಸದ ದಾಖಲೆಗಳಲ್ಲ. ಹಿಮಸಾರಂಗ, ಚಿಮಣಿ, ಡೊಳ್ಳುಹೊಟ್ಟೆ 19ನೇ ಶತಮಾನದ ಅಮೆರಿಕದಲ್ಲಿ ರೂಪುಗೊಂಡವು. ಈ ಸಲ ಯಾರಾದರೂ ‘ಸಾಂತಾ ಶುದ್ಧ ಸುಳ್ಳು’ ಎಂದೋ ‘ಎಲ್ಲವೂ ಸಾಬೀತಾಗಿದೆ’ ಎಂದೋ ಕಳಿಸಿದರೆ, ಈ ಮೂರನ್ನೂ ಬೇರೆ ಬೇರೆಯಾಗಿ ತಿಳಿಸಿ. ಗುಟ್ಟಾಗಿ ಚಿನ್ನ ಎಸೆದು ಹೋದವರ ಕಥೆಯನ್ನೂ ಜೊತೆಗೆ ಕಳಿಸಿ. ಅದನ್ನು ಇಡಿಯಾಗಿ ಕೇಳಿದವರು ಕಡಿಮೆ.