ಯುರೋಪಿಯನ್ ಬೈಸನ್: ಸಂಖ್ಯೆ ಮತ್ತು ಸಂರಕ್ಷಣಾ ಸ್ಥಿತಿ

ಯುರೋಪಿನ ಅತಿ ಭಾರದ ನೆಲವಾಸಿ ಸಸ್ತನಿಯಾದ ಯುರೋಪಿಯನ್ ಬೈಸನ್ ಸುರಕ್ಷಿತವೆನ್ನಲು ತಲೆ ಎಣಿಕೆಯೊಂದೇ ಸಾಲದು. ಬೇಟೆ ಹಾಗೂ ಮೊದಲ ಮಹಾಯುದ್ಧದ ಅರಾಜಕತೆಗೆ ಸಿಕ್ಕಿ 1927ರ ಹೊತ್ತಿಗೆ ಕಾಡಿನಲ್ಲಿ ಇದು ಸಂಪೂರ್ಣ ಅಳಿದಿತ್ತು; ಈಗಿರುವುದೆಲ್ಲ ಮೃಗಾಲಯಗಳಲ್ಲಿ ಉಳಿದಿದ್ದ ಕೇವಲ 12 ಪ್ರಾಣಿಗಳ ಸಂತತಿ. 1952ರಲ್ಲಿ ಪೋಲೆಂಡಿನ ಬಿಯಾವೊವಿಯೆಝಾ ಕಾಡಿಗೆ ಮೊದಲ ಬೈಸನ್‌ಗಳನ್ನು ಮರಳಿ ಬಿಡಲಾಯಿತು. 2003ರಲ್ಲಿ ಸುಮಾರು 1,800ರಷ್ಟಿದ್ದ ಕಾಡು ಬೈಸನ್‌ಗಳು 2019ರಲ್ಲಿ 6,200 ದಾಟಿದವು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2020ರಲ್ಲಿ ಈ ಪ್ರಭೇದವನ್ನು ‘ದುರ್ಬಲ’ ವರ್ಗದಿಂದ ಅದಕ್ಕಿಂತ ಕಡಿಮೆ ಆತಂಕದ ‘ಅಪಾಯದ ಸಮೀಪ’ ವರ್ಗಕ್ಕೆ ಬದಲಿಸಿತು. ಇದು ನಿಜಕ್ಕೂ ದೊಡ್ಡ ಸಾಧನೆ.

ಹನ್ನೆರಡು ಪ್ರಾಣಿಗಳು ಸಾವಿರಾರಾದ ಮೇಲೆ ವಂಶವಾಹಿಗಳ ಚಿಂತೆ ಏಕೆಂದು ಕೇಳಬಹುದು. ಸಂಖ್ಯೆ ಬೆಳೆದರೂ ಒಮ್ಮೆ ಕಳೆದುಹೋದ ವಂಶವೈವಿಧ್ಯ ಮರಳುವುದಿಲ್ಲ. 2020ರ ಮೌಲ್ಯಮಾಪನದಲ್ಲಿ ಗುರುತಿಸಿದ 47 ಸ್ವತಂತ್ರ ಹಿಂಡುಗಳ ಪೈಕಿ ದೀರ್ಘಕಾಲ ಬಾಳುವಷ್ಟು ದೊಡ್ಡವು ಎಂಟು ಮಾತ್ರ. ಕಾಡಿಗೆ ಬಿಟ್ಟ ಮೇಲೆ ಮನುಷ್ಯ ಕೈಹಾಕಬಾರದೆಂಬ ವಾದವೂ ಇದೆ. ಆದರೆ ಹೊಲ, ರಸ್ತೆ, ಊರುಗಳ ನಡುವೆ ಸಿಕ್ಕಿಕೊಂಡ ಹಿಂಡುಗಳು ತಾವಾಗಿ ಒಂದನ್ನೊಂದು ಕೂಡಲಾರವು. ಹಾಗೆಂದು ಎಲ್ಲ ನೆರವೂ ಒಳಿತಲ್ಲ: ಬಿಯಾವೊವಿಯೆಝಾದಲ್ಲಿ ಚಳಿಗಾಲಕ್ಕೆ ಒಣಹುಲ್ಲು ಹಾಕುತ್ತಾರೆ. ಅದರ ಸುತ್ತ ಬೈಸನ್‌ಗಳು ಒತ್ತೊತ್ತಾಗಿ ಮೇಯುವಾಗ ಜಂತುಹುಳುಗಳೂ ಹಬ್ಬುತ್ತವೆ. ಆದ್ದರಿಂದ ಬೇಕಿರುವುದು ಮೇವಿಗಿಂತ ಹೆಚ್ಚಾಗಿ ವಿಶಾಲವಾದ, ಪರಸ್ಪರ ಕೂಡಿಕೊಂಡ ಕಾಡು. ಅದು ಒದಗುವ ತನಕ ಹಿಂಡಿನಿಂದ ಹಿಂಡಿಗೆ ಪ್ರಾಣಿಗಳನ್ನು ಸಾಗಿಸುವ ಕೆಲಸ ನಿಲ್ಲುವಂತಿಲ್ಲ.