ವಾಕಿ-ಟಾಕಿ: ಬ್ಯಾಟರಿ ಬಾಳಿಕೆ ಮತ್ತು ಸ್ಟ್ಯಾಂಡ್‌ಬೈ ಖರ್ಚು

ವಾಕಿ-ಟಾಕಿ ಒಮ್ಮೆ ಚಾರ್ಜ್ ಆದಮೇಲೆ ಎಷ್ಟು ಹೊತ್ತು ನಡೆಯುತ್ತದೆ ಎಂಬುದನ್ನು ಬ್ಯಾಟರಿಯ ಮೇಲೆ ಬರೆದ ಸಂಖ್ಯೆಯೊಂದೇ ಹೇಳಲಾರದು. ಸೆಟ್ಟು ಏನೂ ಮಾತಾಡದೆ, ಬರಬಹುದಾದ ಕರೆಗಾಗಿ ಕಿವಿಗೊಟ್ಟು ಕೂತಾಗ ಎಳೆಯುವ ವಿದ್ಯುತ್ತಿಗೆ ಸ್ಟ್ಯಾಂಡ್‌ಬೈ ಖರ್ಚು ಎನ್ನುತ್ತಾರೆ. ಚಾನೆಲ್ ಹೆಚ್ಚು ಹೊತ್ತು ಮೌನವಾಗಿರುವ ಕೆಲಸಗಳಲ್ಲಿ ಬ್ಯಾಟರಿಯ ಬಹುಪಾಲು ಇದಕ್ಕೇ ಹೋಗುತ್ತದೆ. ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆ ಗೇಟಿನಿಂದ ಖಾನಾಪುರದ ಭೀಮಗಡ ಕಾಡಿನವರೆಗಿನ ದಾರಿಯಲ್ಲಿ ಇದರ ಎಲ್ಲ ಮುಖಗಳೂ ಸಿಗುತ್ತವೆ.

ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಎಸ್‌ಸಿಆರ್-536 ಸೆಟ್ಟಿನಲ್ಲಿ ವಾಲ್ವ್‌ಗಳಿದ್ದವು. ಸುಮ್ಮನಿದ್ದಾಗಲೂ ಅವುಗಳ ತಂತಿ ಕಾದಿರಬೇಕಿತ್ತು. ಆಂಟೆನಾ ಹೊರಗೆಳೆದರೆ ಸೆಟ್ಟು ಚಾಲೂ, ಒಳಗೆ ತಳ್ಳಿದರೆ ಬಂದ್. ಒರಟು ಉಪಾಯವಾದರೂ ಬಂದ್ ಮಾಡಲು ಮರೆಯುವ ಸಿಪಾಯಿಗೆ ಇದಕ್ಕಿಂತ ಒಳ್ಳೆಯ ಸ್ವಿಚ್ ಇರಲಿಲ್ಲ. ಟ್ರಾನ್ಸಿಸ್ಟರ್ ಬಂದಮೇಲೆ ಈ ಖರ್ಚು ಇಳಿಯಿತು, ಇಲ್ಲವಾಗಲಿಲ್ಲ.

ಇಂದಿನ 5 ವ್ಯಾಟ್‌ನ ಅಗ್ಗದ ಅನಲಾಗ್ ಸೆಟ್ಟೊಂದರ ಲೆಕ್ಕ ನೋಡಬಹುದು. ಗುಂಡಿ ಒತ್ತಿ ಮಾತಾಡುವಾಗ ಸುಮಾರು 1.4 ಆಂಪಿಯರ್, ಸ್ಪೀಕರಿನಲ್ಲಿ ದನಿ ಬರುವಾಗ 380 ಮಿಲಿ ಆಂಪಿಯರ್, ಸುಮ್ಮನಿದ್ದಾಗ 75 ಮಿಲಿ ಆಂಪಿಯರ್. ತಯಾರಕರು ಸಾಮಾನ್ಯವಾಗಿ ಬಳಕೆಯನ್ನು 5-5-90 ಎಂದು ಹಿಡಿಯುತ್ತಾರೆ: ನೂರರಲ್ಲಿ 5 ಪಾಲು ಮಾತು, 5 ಪಾಲು ಕೇಳುವುದು, 90 ಪಾಲು ಮೌನ. ಆಗ ಸರಾಸರಿ 156 ಮಿಲಿ ಆಂಪಿಯರ್ ಬರುತ್ತದೆ. 1800 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿ ಹನ್ನೊಂದೂವರೆ ಗಂಟೆ ನಡೆಯುತ್ತದೆ. ಡಬ್ಬಿಯ ಮೇಲೆ ಅಚ್ಚಾಗುವುದು ಇಂಥ ಸಂಖ್ಯೆ. ಅದು ಸುಳ್ಳಲ್ಲ, ಆದರೆ ಯಾರ ದಿನಚರಿಯೂ ಅಲ್ಲ.

ಭೀಮಗಡ ವನ್ಯಜೀವಿಧಾಮದಲ್ಲಿ ಗಸ್ತು ತಿರುಗುವವರ ಬಳಕೆಯನ್ನು ಗಂಟೆಗೆ ಒಂದು ನಿಮಿಷ ಮಾತು, ಒಂದು ನಿಮಿಷ ಕೇಳುವುದು ಎಂದಿಟ್ಟುಕೊಳ್ಳೋಣ. ಇದೇ ಸೆಟ್ಟು ಹದಿನೇಳೂವರೆ ಗಂಟೆ ಬಾಳುತ್ತದೆ, ಖರ್ಚಿನ ಶೇ. 70ಕ್ಕೂ ಹೆಚ್ಚು ಸ್ಟ್ಯಾಂಡ್‌ಬೈ ಲೆಕ್ಕಕ್ಕೆ ಹೋಗುತ್ತದೆ. ಇಲ್ಲಿ ಮಾತು ಉಳಿಸಿ ಪ್ರಯೋಜನವಿಲ್ಲ. ಉಳಿತಾಯವಾಗಬೇಕಾದದ್ದು ಮೌನದಲ್ಲಿ.

ಅದಕ್ಕಾಗಿಯೇ ‘ಬ್ಯಾಟರಿ ಸೇವ್’ ವ್ಯವಸ್ಥೆ ಇದೆ. ಚಾನೆಲ್ ಕೆಲವು ಸೆಕೆಂಡು ಸದ್ದಿಲ್ಲದೆ ಇದ್ದರೆ ರಿಸೀವರ್ ನಿದ್ದೆಗೆ ಜಾರುತ್ತದೆ. ಮತ್ತೆ ಮತ್ತೆ ಕ್ಷಣಮಾತ್ರ ಎದ್ದು, ಯಾರಾದರೂ ಕರೆಯುತ್ತಿದ್ದಾರೆಯೇ ಎಂದು ನೋಡಿ ಮಲಗುತ್ತದೆ. ಒಂದು ಪಾಲು ಎಚ್ಚರ, ನಾಲ್ಕು ಪಾಲು ನಿದ್ದೆ ಎಂದಿಟ್ಟರೂ ಖರ್ಚು ಐದನೇ ಒಂದಕ್ಕೆ ಇಳಿಯದು. ಒಳಗಿನ ಮೈಕ್ರೊಕಂಟ್ರೋಲರ್ ಎಚ್ಚರವಾಗಿಯೇ ಇರಬೇಕು. 75 ಇದ್ದದ್ದು 25ಕ್ಕೆ ಬಂತೆಂದುಕೊಂಡರೂ ಗಸ್ತಿನ ಸೆಟ್ಟು ಸುಮಾರು 33 ಗಂಟೆ ಬಾಳುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ರಿಸೀವರ್ ಏಳುವಷ್ಟರಲ್ಲಿ ಮೊದಲ ಅಕ್ಷರ ಕಳೆದುಹೋಗಿರುತ್ತದೆ, ಊರಿನ ಹೆಸರು ‘ಹೆಮ್ಮಡಗಾ’ ಎಂದದ್ದು ಆ ಕಡೆ ‘ಮಡಗಾ’ ಆಗುತ್ತದೆ. ಗುಂಡಿ ಒತ್ತಿ, ಅರೆ ಸೆಕೆಂಡು ತಡೆದು ಮಾತು ಶುರು ಮಾಡುವುದು ಅನುಭವಸ್ಥರ ರೂಢಿ. ಚಾನೆಲ್‌ಗಳನ್ನು ಒಂದೊಂದಾಗಿ ಹುಡುಕುವ ಸ್ಕ್ಯಾನ್ ಚಾಲೂ ಇದ್ದರೆ ಈ ನಿದ್ದೆಗೆ ಸಾಮಾನ್ಯವಾಗಿ ಅವಕಾಶವೇ ಇರುವುದಿಲ್ಲ.

ಇದಕ್ಕೆ ತೀರ ವಿರುದ್ಧವಾದ ಸ್ಥಿತಿ ಬೆಳಗಾವಿಯ ಗಣೇಶ ವಿಸರ್ಜನೆಯದು. ಮೆರವಣಿಗೆ ರಾತ್ರಿಯಿಡೀ ನಡೆದು ಮರುದಿನಕ್ಕೂ ಮುಂದುವರಿಯುವುದು ಈ ಊರಿನ ವಾಡಿಕೆ. ಅಂಥ ಬಂದೋಬಸ್ತಿನ ಚಾನೆಲ್‌ನಲ್ಲಿ ಒಬ್ಬರಲ್ಲ ಒಬ್ಬರು ಮಾತಾಡುತ್ತಲೇ ಇರುತ್ತಾರೆ; ಪ್ರತಿ ಮಾತೂ ಪ್ರತಿ ಸೆಟ್ಟಿನ ಸ್ಪೀಕರಿನಲ್ಲಿ ಮೊಳಗುತ್ತದೆ. ಮೇಲಿನ ಸೆಟ್ಟನ್ನೇ ಇಲ್ಲಿಟ್ಟು, ಅರ್ಧ ಹೊತ್ತು ಕೇಳುವುದು, ನೂರರಲ್ಲಿ ಎರಡು ಪಾಲು ಮಾತು ಎಂದು ಹಿಡಿದರೆ ಬ್ಯಾಟರಿ 7 ಗಂಟೆಗೆ ಮುಗಿಯುತ್ತದೆ. ಕಾಡಿನಲ್ಲಿ 33, ಪೇಟೆಯಲ್ಲಿ 7. ಬ್ಯಾಟರಿ ಸೇವ್ ಇಲ್ಲಿ ಕೆಲಸಕ್ಕೆ ಬಾರದು. ಇಯರ್‌ಫೋನ್ ಹಾಕಿದರೆ ಸ್ಪೀಕರಿನ ಖರ್ಚು ತುಸು ಉಳಿದೀತು. ಜೇಬಿನಲ್ಲೊಂದು ಹೆಚ್ಚುವರಿ ಬ್ಯಾಟರಿಯೇ ನಿಜವಾದ ಪರಿಹಾರ.

ಫೌಂಡ್ರಿ, ಮಶಿನ್‌ಶಾಪ್‌ಗಳಿರುವ ಉದ್ಯಮಬಾಗದಂಥ ಕಡೆ ಕಾಟವೇ ಬೇರೆ. ವೆಲ್ಡಿಂಗ್ ಮತ್ತು ಮೋಟಾರುಗಳು ಹೊಮ್ಮಿಸುವ ವಿದ್ಯುತ್ ಗದ್ದಲಕ್ಕೆ, ಸ್ಕ್ವೆಲ್ಚ್ ಮಟ್ಟ (ಸ್ಪೀಕರ್ ತೆರೆಯಲು ಬೇಕಾದ ಸಂಕೇತದ ಕನಿಷ್ಠ ಬಲ) ತೀರ ಕಡಿಮೆ ಇಟ್ಟ ಸೆಟ್ಟು ಪದೇ ಪದೇ ಬಾಯಿ ತೆರೆದು ‘ಖರ್ರ್’ ಎನ್ನುತ್ತದೆ. ಯಾರೂ ಮಾತಾಡಿರುವುದಿಲ್ಲ, ಖರ್ಚು ಮಾತ್ರ ಮಾತು ಕೇಳಿದಷ್ಟೇ. ಸ್ಕ್ವೆಲ್ಚ್ ಒಂದೆರಡು ಮಟ್ಟ ಏರಿಸುವುದು, ತಮ್ಮ ಗುಂಪಿನ ಕರೆಗೆ ಮಾತ್ರ ಸ್ಪೀಕರ್ ತೆರೆಯುವಂತೆ ಟೋನ್ ಕೋಡ್ ಹಾಕುವುದು ಪೈಸೆ ಖರ್ಚಿಲ್ಲದ ಉಪಾಯಗಳು. ಕುಲುಮೆಯ ಹತ್ತಿರದ ಕಾವಿನಲ್ಲಿ ಚಾರ್ಜರ್ ಇಡಬಾರದು. ಲಿಥಿಯಂ-ಅಯಾನ್ ಕೋಶವನ್ನು 45 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ.

ಖಾನಾಪುರದ ಘಟ್ಟದ ಸೆರಗಿನಲ್ಲಿ ಶತ್ರು ಮಳೆ. ಮೋಡ ಮುಸುಕಿದ ವಾರಗಳಲ್ಲಿ ಸೌರ ಫಲಕದಿಂದ ಬರುವುದು ಅಷ್ಟಕ್ಕಷ್ಟೆ. ತೇವಕ್ಕೆ ಬ್ಯಾಟರಿಯ ಲೋಹದ ಬಿಂದುಗಳಲ್ಲಿ ಕಿಲುಬು ಹಿಡಿಯುತ್ತದೆ. 75 ಮಿಲಿ ಆಂಪಿಯರ್ ಹರಿಯುವಾಗ ಇದು ಗೊತ್ತಾಗುವುದಿಲ್ಲ. ಗುಂಡಿ ಒತ್ತಿ 1.4 ಆಂಪಿಯರ್ ಎಳೆದೊಡನೆ ಕಿಲುಬಿನಲ್ಲಿ ವೋಲ್ಟೇಜ್ ಕುಸಿದು ಸೆಟ್ಟು ಆರಿಹೋಗುತ್ತದೆ, ಬೆರಳು ತೆಗೆದರೆ ಮತ್ತೆ ಹತ್ತುತ್ತದೆ. ಬ್ಯಾಟರಿ ಸತ್ತಿತೆಂದು ಎಸೆಯುವ ಮುನ್ನ ಪೆನ್ಸಿಲ್ ರಬ್ಬರಿನಿಂದ ಆ ಬಿಂದುಗಳನ್ನು ಉಜ್ಜಿ ನೋಡುವುದು ಒಳ್ಳೆಯದು.

ಲೋಂಡಾ ದಾಟಿ ಕ್ಯಾಸಲ್‌ರಾಕ್‌ನಿಂದ ಕುಳೆಯವರೆಗಿನ ಬ್ರಗಾಂಜಾ ಘಟ್ಟದ ರೈಲುದಾರಿಯಲ್ಲಿ ಸುರಂಗ, ತಿರುವುಗಳು ರೇಡಿಯೊ ತರಂಗಕ್ಕೆ ಅಡ್ಡ ಬರುತ್ತವೆ. ಇಂಥಲ್ಲಿ ಪೂರ್ಣ 5 ವ್ಯಾಟ್ ಬೇಕು. ಬಯಲಿನಲ್ಲಿ 1 ವ್ಯಾಟ್ ಸಾಕು, ಆದರೆ ಅದರಿಂದ ವಿದ್ಯುತ್ ಐದನೇ ಒಂದಕ್ಕೆ ಇಳಿಯುತ್ತದೆಂದು ತಿಳಿಯಬಾರದು. ಅರ್ಧಕ್ಕೆ ಇಳಿದರೆ ಹೆಚ್ಚು. ಡಿಎಂಆರ್ ಡಿಜಿಟಲ್ ಸೆಟ್ಟುಗಳು 30 ಮಿಲಿಸೆಕೆಂಡಿನ ಎರಡು ಸರದಿಗಳಲ್ಲಿ ಒಂದರಲ್ಲಷ್ಟೇ ಪ್ರಸಾರ ಮಾಡುವುದರಿಂದ ಮಾತಿನ ಖರ್ಚು ಗಣನೀಯವಾಗಿ ತಗ್ಗುತ್ತದೆ.

ಹಳೆಯ ನಿಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿ ಕಪಾಟಿನಲ್ಲಿಟ್ಟರೂ ತಿಂಗಳಿಗೆ ಶೇ. 20ರಿಂದ 30ರಷ್ಟು ತಾನಾಗಿ ಇಳಿಯುತ್ತಿತ್ತು. ಲಿಥಿಯಂ-ಅಯಾನ್‌ನಲ್ಲಿ ಇದು ಶೇ. 2–3 ಮಾತ್ರ. ಆದರೆ ಕೆಲವು ಸೆಟ್ಟುಗಳು ಬಂದ್ ಆದಮೇಲೂ ಚೂರು ವಿದ್ಯುತ್ ಎಳೆಯುತ್ತವೆ. ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಕಳಚಿಡಬೇಕು.

ಭಾರತದಲ್ಲಿ 2018ರ ನಿಯಮದಂತೆ 446.0–446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್ಟುಗಳಿಗೆ ಪರವಾನಗಿ ಬೇಡ. 5 ವ್ಯಾಟ್‌ನವಕ್ಕೆ ಬೇಕು. ಯಾವುದನ್ನೇ ಕೊಳ್ಳುವವರು ಅಂಗಡಿಯಲ್ಲಿ ಬ್ಯಾಟರಿ ಎಷ್ಟು ದೊಡ್ಡದು ಎಂದು ಕೇಳುವುದರ ಜೊತೆಗೆ, ಸ್ಟ್ಯಾಂಡ್‌ಬೈಯಲ್ಲಿ ಎಷ್ಟು ಮಿಲಿ ಆಂಪಿಯರ್ ಎಳೆಯುತ್ತದೆ ಎಂದೂ ಕೇಳಬೇಕು.